ಅಸ್ಮಿತೆಗೆ ಒತ್ತು

ನಿಕಿತಾಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಥಾಣೆಯ ನೌಪಾಡಾದಲ್ಲಿ ಹುಟ್ಟಿ ಬೆಳೆದ ಇಪ್ಪತ್ತೆಂಟರ ಹುಡುಗಿ. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ವಾಶಿಯ ಆಫೀಸಿನಲ್ಲಿ ಹಿಂದಿ. ಕನ್ನಡವೆಂದರೆ ಅವಳ ಅಪ್ಪ ಸರ್ವೋತ್ತಮರು ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಡೊಂಬಿವಲಿಯ ಕನ್ನಡ ಸಂಘಕ್ಕೆ ಹೋಗಿ ಆಡಿ ಬರುವ ಭಾಷೆ. ಅಚ್ಚರಿ ಇರುವುದು ಬೇರೆಡೆ. ಇಂಥ ನಿಕಿತಾ ಒಂದೇ ವರ್ಷದಲ್ಲಿ ಕನ್ನಡ ಅಕ್ಷರಗಳ ದೊಡ್ಡ ಕಲಾವಿದೆಯೆಂದು ಹೆಸರಾಗಿದ್ದಳು.

ಅದಾದದ್ದು ಹೀಗೆ. ಆರು ವರ್ಷದಿಂದ ಅವಳು ಜಾಹೀರಾತು ಕಂಪನಿಯೊಂದರಲ್ಲಿ ಹಪ್ಪಳ, ಮಸಾಲೆ, ಫಿನಾಯಿಲ್ ಬಾಟಲಿಗಳ ಲೇಬಲ್ ಮಾಡುತ್ತಿದ್ದಳು. ಫಿನಾಯಿಲ್ ಕೊಳ್ಳುವವರು ಲೇಬಲ್ ಮಾಡಿದವರ ಹೆಸರು ಕೇಳುವುದಿಲ್ಲ. ಕಳೆದ ವರ್ಷ ಅಮ್ಮಂದಿರ ದಿನಕ್ಕೆ ಬಾಸ್ ಎಲ್ಲರಿಗೂ, "ನಿಮ್ಮ ನಿಮ್ಮ ಬೇರಿನಿಂದ ಏನಾದರೂ ತನ್ನಿ" ಎಂದು ಆಜ್ಞೆ ಮಾಡಿದ. ನಿಕಿತಾ ಬೇರು ಹುಡುಕಲು ಅಪ್ಪನಿಗೆ ವಾಟ್ಸಾಪ್ ಮಾಡಿದಳು. ಅಪ್ಪ 'ಅಮ್ಮ' ಎಂದು ಟೈಪ್ ಮಾಡಿ ಕಳಿಸಿದರು. ಅದನ್ನು ಎತ್ತಿ ತನ್ನ ಡಿಸೈನ್ ಸಾಫ್ಟ್‌ವೇರಿಗೆ ಹಾಕಿದಾಗ ಅದು 'ಅಮ್‌ಮ' ಎಂದಾಯಿತು. ಕೆಳಗೆ ಇರಬೇಕಾದ ಒತ್ತು ಜಾರಿ ಬಂದು ಪಕ್ಕದಲ್ಲಿ ಇಡೀ ಅಕ್ಷರವಾಗಿ ಕೂತುಬಿಟ್ಟಿತು. ಆ ಸಾಫ್ಟ್‌ವೇರಿಗೆ ಕನ್ನಡ ಬರುತ್ತಿರಲಿಲ್ಲ, ನಿಕಿತಾಳಿಗೂ ಬರುತ್ತಿರಲಿಲ್ಲ, ಒಳ್ಳೆಯ ಜೋಡಿ. ಕಪ್ಪಿನ ಮೇಲೆ ಕೆಂಪಗೆ ಅದನ್ನೇ ದೊಡ್ಡದು ಮಾಡಿ ಇನ್‌ಸ್ಟಾಗ್ರಾಮಿಗೆ ಹಾಕಿದಳು. ಮನೆಯಲ್ಲಿ ಅವಳು ತಾಯಿಯನ್ನು ಕರೆಯುತ್ತಿದ್ದದ್ದು 'ಮಮ್ಮಿ' ಎಂದು, ಅದು ಬೇರೆ ಮಾತು.

ಮೂರನೆಯ ದಿನ ದಿಲ್ಲಿಯ ಯಾರೋ ವಿಮರ್ಶಕರು, "ವಲಸೆಯಲ್ಲಿ ಮುರಿದ ತಾಯ್ತನ" ಎಂದು ಅದರ ಬಗ್ಗೆ ಎರಡು ಪುಟ ಬರೆದರು. ಆಮೇಲೆ 'ಅಪ್‌ಪ' ಬಂತು, 'ಅಕ್‌ಕ' ಬಂತು, 'ಅಣ್‌ಣ' ಬಂತು, 'ಅಜ್‌ಜಿ' ಬಂದಳು. ಕನ್ನಡದಲ್ಲಿ ಬಹುಪಾಲು ನೆಂಟರ ಹೆಸರಿಗೆ ಒತ್ತಿರುವುದರಿಂದ ಒಡೆಯಲು ಬೇಕಾದಷ್ಟು ಜನ ಸಿಕ್ಕರು. ಮುಂಬಯಿಯಲ್ಲಿ ಪ್ರದರ್ಶನವಾಯಿತು. ನವಿ ಮುಂಬಯಿಯ ದೊಡ್ಡ ಸ್ಟುಡಿಯೋವೊಂದು ತನ್ನ ಹೊಸ 'ಭಾರತೀಯ ಭಾಷೆಗಳ ವಿಭಾಗ'ಕ್ಕೆ ಮುಖ್ಯಸ್ಥರನ್ನು ಹುಡುಕುತ್ತಿತ್ತು. ಅದರ ಒಡತಿ ಶ್ರದ್ಧಾ, ನಿಕಿತಾಳ ಮಾತು ಕೇಳಿ ಅಲ್ಲೇ ತೀರ್ಮಾನ ಹೇಳುವೆನೆಂದು ಡೊಂಬಿವಲಿಯ ಸಂಘಕ್ಕೇ ಬರುವವರಿದ್ದರು. ಆ ಭಾನುವಾರ ಅಲ್ಲಿ 'ಸೃಜನಶೀಲರೊಡನೆ ಮಾತುಕತೆ: ವೃತ್ತಿಯ ದಾರಿ, ಬೇರಿನ ಗುರುತು' ಎಂಬ ಕಾರ್ಯಕ್ರಮವಿತ್ತು.

ಆ ಹುದ್ದೆ ನಿಕಿತಾಳಿಗೆ ಬೇಕಾಗಿತ್ತು. ಹಸಿದವರಿಗೆ ಅನ್ನ ಬೇಕಾದ ಹಾಗೆ ಬೇಕಾಗಿತ್ತು. ಕೆಲಸದ ಕೆಳಗೆ ತನ್ನ ಹೆಸರಿರುತ್ತದೆ, ಫಿನಾಯಿಲ್ ವಾಸನೆ ಇರುವುದಿಲ್ಲ.

ಅದಕ್ಕೆ ಸರಿಯಾಗಿ, ಕಾರ್ಯಕ್ರಮಕ್ಕೆ ಮೂರು ದಿನವಿರುವಾಗ ಅವಳಿಗೆ ಗೊತ್ತಾಗಿಬಿಟ್ಟಿತು. ಅಪ್ಪನ ಹಳೆಯ ವಾಟ್ಸಾಪ್ ಸಂದೇಶ ಕಣ್ಣಿಗೆ ಬಿತ್ತು. ಓದಲು ಬಾರದಿದ್ದರೂ ಡಿಸೈನರ್ ಕಣ್ಣು ಆಕಾರ ಮರೆಯುವುದಿಲ್ಲ. ಅಪ್ಪ ಕಳಿಸಿದ್ದೇ ಬೇರೆ, ತಾನು ಮಾಡಿದ್ದೇ ಬೇರೆ. ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ ಒಂದು ಸಣ್ಣ ಚೌಕಕ್ಕೆ ಟಿಕ್ ಹಾಕಿದೊಡನೆ ಮುರಿದ ತಾಯ್ತನ ತಟ್ಟನೆ ಕೂಡಿಕೊಂಡಿತು. ನಿಕಿತಾ ಟಿಕ್ ತೆಗೆದು, ಲ್ಯಾಪ್‌ಟಾಪ್ ಮುಚ್ಚಿ, ತಲೆಯ ಮೇಲೆ ಕೈ ಹೊತ್ತು ಕೂತಳು. ಸಂಘದ ಬ್ಯಾನರನ್ನೂ ಅವಳೇ ಮಾಡಿಕೊಟ್ಟಿದ್ದಳು, ಅದಾಗಲೇ ಅಚ್ಚಿಗೆ ಹೋಗಿತ್ತು.

ಭಾನುವಾರ ಹಳಿ ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಇದ್ದುದರಿಂದ ಹತ್ತರ ಕಾರ್ಯಕ್ರಮ ಹನ್ನೊಂದೂಕಾಲಿಗೆ ಶುರುವಾಯಿತು. ವೇದಿಕೆಯ ಹಿಂದೆ ಆಳೆತ್ತರದ ಅಕ್ಷರಗಳಲ್ಲಿ 'ಕನ್‌ನಡದ ಅಸ್‌ಮಿತೆಗೆ ಒತ್‌ತು' ಎಂದಿತ್ತು. ಅದರ ಮುಂದೆ ನಿಂತು ಅಧ್ಯಕ್ಷರು, ಭಾಷೆಗೆ ಒತ್ತು ಕೊಡಬೇಕು, ಯುವಜನರಿಗೆ ಒತ್ತು ಕೊಡಬೇಕು, ಕಲೆಗಂತೂ ವಿಶೇಷ ಒತ್ತು ಕೊಡಬೇಕು ಎಂದು ಹನ್ನೊಂದು ಸಲ ಒತ್ತಿ ಹೇಳಿದರು. ಬೆನ್ನ ಹಿಂದೆ ಒಂದಾದರೂ ಇದೆಯೇ ಎಂದು ತಿರುಗಿ ನೋಡಲಿಲ್ಲ. ಸಭೆಯಲ್ಲಿ ಕನ್ನಡ ಬಲ್ಲವರು ನೂರು ಜನರಾದರೂ ಇದ್ದರು. ಎಲ್ಲರೂ ನೋಡಿದ್ದರು. ಇದು ಮಾಡರ್ನ್ ಇರಬೇಕು, ಕೇಳಿದರೆ ನಾವೇ ಹಳಬರಾಗುತ್ತೇವೆ ಎಂದು ಬೆಕ್ಕಿಗೆ ಗಂಟೆ ಕಟ್ಟುವ ಕೆಲಸವನ್ನು ಒಬ್ಬರು ಇನ್ನೊಬ್ಬರಿಗೆ ಬಿಟ್ಟಿದ್ದರು.

ಮಾತುಕತೆ ನಡೆಸುತ್ತಿದ್ದವನ ಹೆಸರು ಸಂದೇಶ. ಪಾಡ್‌ಕಾಸ್ಟ್ ಮಾಡುವವನು, ಉತ್ತರಕ್ಕಿಂತ ಉದ್ದದ ಪ್ರಶ್ನೆ ಕೇಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಮೊದಲ ಸರದಿ ಮಯೂರನದು. ಅವನ ತಂದೆತಾಯಿ ವಿಜಯಪುರದಿಂದ ಬಂದು ಕಟ್ಟಡ ಕೆಲಸ ಮಾಡಿದವರು, ಅವನು ಕಲ್ಯಾಣದಲ್ಲಿ ಹುಟ್ಟಿದವನು. ಹಿಂದಿ ಕಾರ್ಟೂನುಗಳಲ್ಲಿ ಬರುವ ದಕ್ಷಿಣದ ಅಡುಗೆಭಟ್ಟ, ದಕ್ಷಿಣದ ಕಾವಲುಗಾರ, ದಕ್ಷಿಣದ ಆನೆ, ಎಲ್ಲಕ್ಕೂ ಅವನದೇ ದನಿ.

"ನಿಮ್ಮ ಕಲೆಯಲ್ಲಿ ಕನ್ನಡತನ ಹೇಗೆ ಮಿಡಿಯುತ್ತದೆ?" ಎಂದು ಸಂದೇಶ ಕೇಳಿದ.

"ಸರ್, ಬಾಕಿ ಲೋಗ್ ಖಾಲಿ 'ಅಯ್ಯೋ' ಬೋಲ್ತೇ ಹೈಂ," ಎಂದ ಮಯೂರ. "ಮೈಂ 'ಅಯ್ಯಯ್ಯೋ' ಬೋಲ್ತಾ ಹೂಂ. ದಿಲ್ ಸೇ."

ಉಳಿದವರದು ಬರೀ ಅಯ್ಯೋ, ಅವನದು ಮನಸಾರೆ ಅಯ್ಯಯ್ಯೋ ಎಂದು ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ಶ್ರದ್ಧಾ ಏನನ್ನೋ ಬರೆದುಕೊಂಡರು. ಪಕ್ಕದಲ್ಲಿ ಸರ್ವೋತ್ತಮರು ಕೈ ಕಟ್ಟಿ ಕೂತಿದ್ದರು.

ಈಗ ಸಂದೇಶ ನಿಕಿತಾಳ ಕಡೆ ತಿರುಗಿದ. ಬೇರು, ನೀರು, ಗಡಿ, ಗಾಯ ಎಲ್ಲವನ್ನೂ ಸುತ್ತಿ ಬಂದು, ಅಕ್ಷರಗಳನ್ನು ಯಾಕೆ ಒಡೆದಿರಿ ಎಂಬಲ್ಲಿ ನಿಂತ. ನಿಕಿತಾ ಮೂರು ರಾತ್ರಿ ನಿದ್ದೆಗೆಟ್ಟು ಒಂದು ವಾಕ್ಯ ಕಟ್ಟಿಕೊಂಡಿದ್ದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ವಾಕ್ಯ.

"ನಾನು ಒಡೀಲಿಲ್ಲ," ಎಂದಳು ತನ್ನ ಹರಕುಮುರುಕು ಕನ್ನಡದಲ್ಲಿ. "ಅದು ಒಡೆದೇ ನನ್ನ ಹತ್ರ ಬಂತು."

ಸಭೆ ನಿಟ್ಟುಸಿರು ಬಿಟ್ಟಿತು. ಶ್ರದ್ಧಾ ಪೆನ್ನು ಮುಚ್ಚಿಟ್ಟು ಮುಗುಳ್ನಕ್ಕರು. ಹುದ್ದೆ ಸಿಕ್ಕಿತು ಎಂದು ನಿಕಿತಾಳಿಗೆ ಆ ನಗೆಯಲ್ಲೇ ಗೊತ್ತಾಯಿತು. ಒಂದು ಸುಳ್ಳೂ ಹೇಳದೆ ಇಷ್ಟು ದೊಡ್ಡ ಸುಳ್ಳು ಹೇಳಬಹುದೆಂದು ಅವಳಿಗೇ ಆಶ್ಚರ್ಯ.

ಆಗ ಪಕ್ಕದ ಬಾಗಿಲ ಬಳಿ ಏಣಿಗೆ ಒರಗಿ ಕೂತಿದ್ದ ಮುದುಕನೊಬ್ಬ ಎದ್ದು ನಿಂತ. ಬೆಳಿಗ್ಗೆ ಬ್ಯಾನರ್ ಕಟ್ಟಿದವನು ಅವನೇ, ಹೆಸರು ಸೈದಪ್ಪ. ಕಲಬುರಗಿ ಕಡೆಯವನು. ಉಲ್ಹಾಸನಗರದಲ್ಲಿ ಮೂವತ್ತು ವರ್ಷ ಅಂಗಡಿ ಬೋರ್ಡು ಬರೆದಿದ್ದ. ಫ್ಲೆಕ್ಸ್ ಬಂದ ಮೇಲೆ ಬರೆಯುವ ಕೆಲಸ ಹೋಯಿತು, ಕಟ್ಟುವ ಕೆಲಸ ಉಳಿಯಿತು. ವೃತ್ತಿಯ ದಾರಿಯ ಬಗ್ಗೆ ಅವನನ್ನು ಯಾರೂ ವೇದಿಕೆಗೆ ಕರೆದಿರಲಿಲ್ಲ.

"ತಾಯೀ, ಒಂದ್ ಮಾತ್ ಕೇಳ್ಲೇನ್ರಿ?" ಎಂದ. "ಮುಂಜಾನಿಂದ ನೋಡ್ಲಕತ್ತೀನಿ. ಒತ್ತೆಲ್ಲ ಎಲ್ಲಿ ಹೋಗ್ಯಾವ್ರಿ?"

ಸಭೆಯಲ್ಲಿ ಗುಸುಗುಸು ಎದ್ದಿತು. ಸಂದೇಶ ಮೈಕನ್ನು ಬಾಯಿಗೆ ಹತ್ತಿರ ತಂದು ನಕ್ಕ. "ಅಜ್ಜಾ, ಒತ್ತು ಇಲ್ಲದಿರುವುದೇ ಇಲ್ಲಿನ ಅರ್ಥ. ಇದು ಬೋರ್ಡಲ್ಲ, ಕಲೆ. ಮುರಿದ ಬದುಕು ಮುರಿದ ಅಕ್ಷರವಾಗಿದೆ."

ಸೈದಪ್ಪ ಬ್ಯಾನರನ್ನು ಇನ್ನೊಮ್ಮೆ ನೋಡಿದ. "ಹಂಗೇನ್ರಿ? ನಮಗ ತಿಳೀಲಿಲ್ಲ ಬಿಡ್ರಿ. ನಾಕನೇ ಕ್ಲಾಸಿಗೇ ಸಾಲಿ ಬಿಟ್ಟಾಂವ ನಾ. ತಪ್ಪಾತು," ಎಂದು ಕೈಮುಗಿದು ಕೂತ. ಕೆಲವರು ನಕ್ಕರು.

ಆ ನಗು ನಿಕಿತಾಳಿಗೆ ನುಂಗಲಾರದ ತುತ್ತಾಯಿತು. ಇಡೀ ಸಭೆಯಲ್ಲಿ ಸರಿ ಹೇಳಿದವನು ಒಬ್ಬನೇ, ತಪ್ಪಾಯಿತೆಂದು ಕೈಮುಗಿದವನೂ ಅವನೇ. ಅವಳಿಗೆ ನಾಚಿಕೆಯಾಯಿತು. ಮೈಕು ಅವಳ ಕೈಯಲ್ಲೇ ಇತ್ತು.

"ಅಂಕಲ್ ಸಹೀ ಬೋಲ್ ರಹೇ ಹೈಂ," ಎಂದಳು. "ನನಗೆ ಓದ್ಲಿಕ್ಕೆ ಬರುದಿಲ್ಲ. ಸಾಫ್ಟ್‌ವೇರ್ ಮೇಂ ಏಕ್ ಟಿಕ್ ಲಗಾನಾ ಥಾ, ಹಾಕ್ಲಿಲ್ಲ. ಎಲ್ಲಾ ಮಿಸ್ಟೇಕ್. ಕಲೆ ಅಲ್ಲ. ಸಾರಿ."

ಹೋಯಿತು ಹುದ್ದೆ ಎಂದುಕೊಂಡು ನಿಕಿತಾ ಕಣ್ಣು ಮುಚ್ಚಿದಳು. ಆಮೇಲೆ ಸಂದೇಶ ಎದ್ದು ನಿಂತು ಚಪ್ಪಾಳೆ ತಟ್ಟಿದ. "ಎಂಥ ಪ್ರಾಮಾಣಿಕತೆ! ತಪ್ಪೇ ಇವರ ತಾಯ್ನುಡಿ!" ಸಭೆಯೂ ಎದ್ದು ನಿಂತಿತು. ಅಧ್ಯಕ್ಷರು ಶಾಲು ಹೊದೆಸುತ್ತಾ, ಇಂಥ ತಪ್ಪುಗಳಿಗೆ ನಾವು ಹೆಚ್ಚು ಒತ್ತು ಕೊಡಬೇಕು ಎಂದರು.

ಉಪ್ಪಿಟ್ಟು, ಶೀರಾ, ಚಹಾ. ಶ್ರದ್ಧಾ ನಿಕಿತಾಳನ್ನು ಕಿಟಕಿಯ ಬಳಿಗೆ ಕರೆದು ಮರಾಠಿಯಲ್ಲಿ ಹೇಳಿದ ಮಾತಿನ ತಾತ್ಪರ್ಯ ಇಷ್ಟು: ಹುದ್ದೆ ನಿನ್ನದೇ, ಇವತ್ತಂತೂ ನೀನು ನನ್ನ ಮನಸ್ಸು ಗೆದ್ದೆ. ಒಂದೇ ಷರತ್ತು. ನೀನು ಕನ್ನಡ ಕಲಿಯಬಾರದು.

"ಕಲಿಯಬಾರದಾ?"

"ಕಲಿತರೆ ತಾಜಾತನ ಹೋಗುತ್ತದೆ. ಅಕ್ಷರ ಬಲ್ಲವರು ಬೇಕಿದ್ದರೆ ಬ್ಯಾನರ್ ಕಟ್ಟುವವರೇ ಇದ್ದಾರಲ್ಲ. ಚಹಾ ಮುಗಿಯುವುದರೊಳಗೆ ಹೇಳು."

ನಿಕಿತಾ ಅಪ್ಪನನ್ನು ಹುಡುಕಿಕೊಂಡು ಹೋದಳು. ಸರ್ವೋತ್ತಮರು ಮೂಲೆಯ ಕುರ್ಚಿಯಲ್ಲಿ ಶೀರಾದ ತಟ್ಟೆ ಹಿಡಿದು ಕೂತಿದ್ದರು, ತಿಂದಿರಲಿಲ್ಲ. ಅವರಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಉಡುಪಿಯ ಶಾಲೆಯಲ್ಲಿ ಓದಿದವರು. ಒತ್ತಿಲ್ಲದ್ದು ಅವರ ಕಣ್ಣಿಗೆ ಬಿದ್ದೇ ಇರಬೇಕೆಂದು ಅವಳಿಗೆ ಈಗಷ್ಟೇ ಹೊಳೆಯಿತು.

"ಪಪ್ಪಾ, ನಿಮಗೆ ಗೊತ್ತಿತ್ತಾ?"

ಸಂಘದೊಳಗೆ ತುಳು ಆಡಬಾರದೆಂಬ ನಿಯಮ ಮಾಡಿದ್ದು ಸರ್ವೋತ್ತಮರೇ. ಕನ್ನಡದಲ್ಲೇ ಹೇಳಿದರು. "ಮೊದಲ ದಿನವೇ ಗೊತ್ತಿತ್ತು."

"ಫಿರ್ ಬೋಲಾ ಕ್ಯೋಂ ನಹೀಂ?" ಮತ್ತೆ ಯಾಕೆ ಹೇಳಲಿಲ್ಲವೆಂದು ಅವಳ ದನಿ ಏರಿತು. "ಒಂದು ವರ್ಷ! ಪೂರಾ ದುನಿಯಾ ಕೇ ಸಾಮ್ನೇ!"

"ನೀನು ಮೂರನೇ ಕ್ಲಾಸಲ್ಲಿ ಇರುವಾಗ ನಾನು ಕನ್ನಡ ಕಲಿಸ್ಲಿಕ್ಕೆ ಕೂತಿದ್ದೆ," ಎಂದರು. "ನೀನು 'ಅಪ್ಪ' ಅಂತ ಬರೆದು ತಂದಿ. ಒತ್ತು ಬಿಟ್ಟಿದ್ದಿ. 'ಅಪ' ಅಂತ ಇತ್ತು. ನಾನು ತಪ್ಪು ಅಂತ ಬೈದು ಒಂದು ಪೆಟ್ಟು ಕೊಟ್ಟೆ. ನೀನು ಪುಸ್ತಕ ಮುಚ್ಚಿದವಳು ಮತ್ತೆ ಬಿಡಿಸ್ಲಿಲ್ಲ ಮಾರಾಯ್ತಿ. ಇಪ್ಪತ್ತು ವರ್ಷ. ಆಮೇಲೆ ಒಂದು ದಿನ ನೀನಾಗಿಯೇ ಒಂದು ಶಬ್ದ ಕೇಳಿದಿ. ಅದನ್ನು ನಾನು ತಪ್ಪು ಅಂತ ಹೇಗೆ ಹೇಳುದು? ಹೇಳಿದ್ರೆ ಇದನ್ನೂ ಬಿಡ್ತಿ ಅಂತ ಹೆದರಿಕೆ."

ನಿಕಿತಾಳಿಗೆ ಆ ಪೆಟ್ಟು ನೆನಪೇ ಇರಲಿಲ್ಲ. ಅಪ್ಪ ಮಾತ್ರ ಅದನ್ನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದರು. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ವೇದಿಕೆಯ ಕಡೆ ನಡೆದುಬಿಟ್ಟಳು.

ಸೈದಪ್ಪ ಬ್ಯಾನರ್ ಇಳಿಸಿ ನೆಲದ ಮೇಲೆ ಹಾಸಿ ಸುತ್ತಲು ಹೊರಟಿದ್ದ.

"ಅಂಕಲ್, 'ಅಪ್ಪ' ಬರೆದು ತೋರಿಸ್ತೀರಾ?"

ಮುದುಕ ಅವಳ ಮುಖ ನೋಡಿದ. ತಮಾಷೆಯಲ್ಲವೆಂದು ಖಾತ್ರಿಯಾದ ಮೇಲೆ ಫ್ಲೆಕ್ಸನ್ನು ಮಗುಚಿ ಹಾಕಿದ. ಹಿಂಬದಿ ಬೆಳ್ಳಗೆ ಖಾಲಿಯಿತ್ತು. ನಿಕಿತಾ ಸ್ವಾಗತದ ಮೇಜಿನಿಂದ ಮಾರ್ಕರ್ ತಂದುಕೊಟ್ಟಳು. ಬ್ರಷ್ ಹಿಡಿದು ಪಳಗಿದ ಕೈ, ಅಳತೆ ನೋಡದೆಯೇ ಒಂದು ಗೆರೆ ಎಳೆಯಿತು.

"ಮೊದ್ಲ ಕೆಳಗ ಜಾಗಾ ಬಿಡಬೇಕ್ರಿ ತಾಯಿ," ಎಂದ. "ಮರಾಠಿ ಅಕ್ಷರ ಮ್ಯಾಲಿನ ಗೆರಿ ಹಿಡಕೊಂಡು ಜೋತಾಡ್ತದ. ಕನ್ನಡಕ್ಕ ಕೆಳಗಿಂದ ಆಸರ ಬೇಕು. ಜಾಗಾ ಬಿಡ್ಲಿಲ್ಲಂದ್ರ ಒತ್ತು ಎಲ್ಲಿ ಕೂಡಬೇಕು?" ಬರೆದ. ಅಚ್ಚು ಹೊಯ್ದ ಹಾಗಿತ್ತು. "ಈಗ ನೀವ್ ಬರೀರಿ."

"ಅರೇ, ಕಾಯ್ ಕರ್ತೇಸ್?" ಬಾಗಿಲಿನಿಂದ ಶ್ರದ್ಧಾರ ದನಿ ಬಂತು, ಏನು ಮಾಡ್ತಿದ್ದೀ ಎಂದು. ಕೈಯಲ್ಲಿ ಖಾಲಿ ಲೋಟವಿತ್ತು. "ಕಲಿಯಬೇಡ ಅಂದೆನಲ್ಲ."

ನಿಕಿತಾಳಿಗೆ ಸಂಕಟವಾಯಿತು. ಆಗಲಿಲ್ಲವೆಂದು ಹೇಳಿದರೆ ಸುಳ್ಳು. ಹೆಸರು, ವಿಭಾಗ, ಇನ್ನು ಮುಂದಿನ ಆರು ವರ್ಷ, ಎಲ್ಲ ಆ ಬಾಗಿಲಲ್ಲಿ ನಿಂತಿತ್ತು. "ಸಾರಿ, ಮ್ಯಾಮ್," ಎಂದು ಮಾರ್ಕರ್ ತೆಗೆದುಕೊಂಡು ಮೊಣಕಾಲೂರಿ ಕೂತಳು.

ಶ್ರದ್ಧಾ ಹೆಚ್ಚು ಹೊತ್ತು ದುಃಖಿಸುವವರಲ್ಲ. ಪಕ್ಕದಲ್ಲೇ ಉಪ್ಪಿಟ್ಟು ತಿನ್ನುತ್ತಿದ್ದ ಮಯೂರನ ಕಡೆ ತಿರುಗಿ, ನಿನಗೆ ಕನ್ನಡ ಓದಲು ಬರುತ್ತದೆಯೇ ಎಂದು ಕೇಳಿದರು.

"ಏಕ್ ಅಕ್ಷರ್ ಭೀ ನಹೀಂ, ಮ್ಯಾಮ್," ಎಂದ ಅವನು ಹೆಮ್ಮೆಯಿಂದ. ಶ್ರದ್ಧಾ ಪರ್ಸಿನಿಂದ ಕಾರ್ಡು ತೆಗೆದರು.

ನಿಕಿತಾ ಬರೆದು ಮುಗಿಸುವ ಹೊತ್ತಿಗೆ ಸರ್ವೋತ್ತಮರು ತಟ್ಟೆ ಹಿಡಿದುಕೊಂಡೇ ವೇದಿಕೆ ಹತ್ತಿ ಬಂದಿದ್ದರು. ಬಗ್ಗಿ ನೋಡಿದರು. 'ಅ' ಸ್ವಲ್ಪ ಸೊಟ್ಟಗಿತ್ತು. 'ಪ' ಪರವಾಗಿಲ್ಲ. ಕೆಳಗಿನ ಒತ್ತಿಗೂ ಅವಳು ಮೇಲಿನ ಅಕ್ಷರಕ್ಕಿರುವಂಥದೇ ತಲೆಕಟ್ಟು ಹಾಕಿದ್ದಳು. ಸೈದಪ್ಪ ನೋಡಿದ. ಅಪ್ಪ ಇದ್ದಾನಲ್ಲ, ಅವನೇ ಹೇಳಲಿ ಎಂದು ಸುಮ್ಮನಾದ. ಸರ್ವೋತ್ತಮರು ತಟ್ಟೆಯನ್ನು ಕೆಳಗಿಟ್ಟು, ಮತ್ತೆ ಎತ್ತಿಕೊಂಡರು.

"ಒತ್ತಿಗೆ ತಲೆಕಟ್ಟು ಇರುದಿಲ್ಲ," ಎಂದರು ಕೊನೆಗೆ. "ತಪ್ಪು."

ನಿಕಿತಾ ತಲೆಯೆತ್ತಿ ಅಪ್ಪನನ್ನು ನೋಡಿದಳು. ಮಾರ್ಕರಿನ ಮುಚ್ಚಳ ಅವಳ ಎಡಗೈಯಲ್ಲಿತ್ತು. ಅದನ್ನು ಮುಚ್ಚಲಿಲ್ಲ. ಕೆಳಗೆ ಜಾಗ ಬಿಟ್ಟು ಇನ್ನೊಂದು ಬರೆದಳು. ಅದೂ ತಪ್ಪಾಗಿತ್ತು, ಸರ್ವೋತ್ತಮರು ಅದನ್ನೂ ಹೇಳಿದರು.