ಮುಚ್ಚಳದೊಳಗಿನ ಹೆಸರು

೧೯೮೨ರಲ್ಲಿ ತೆಕ್ಕಲಕೋಟೆಯ ಚನ್ನವೀರಮ್ಮ, ತಮ್ಮ ತಂದೆಯ ಹಳೆಯ ಸ್ವಿಸ್ ವಾಚನ್ನು ತಾವೇ ಕಟ್ಟಿಕೊಳ್ಳಬೇಕೆಂದು ಸಿರುಗುಪ್ಪದ ನನ್ನ ಅಂಗಡಿಗೆ ತಂದರು. ಹಿಂದಿನ ಮುಚ್ಚಳ ಬಿಚ್ಚಿದೆ. ರಿಪೇರಿ ಮಾಡಿದವರು ಅದರೊಳಗೆ ಸೂಜಿಯಿಂದ ಹೆಸರು, ಇಸವಿ ಗೀರುವುದು ನಮ್ಮ ಕಸುಬಿನ ರೂಢಿ. ಕೆಟ್ಟರೆ ಯಾರನ್ನು ಕೇಳಬೇಕೆಂದು ಗೊತ್ತಾಗಲಿ ಅಂತ.

'ಓಬಳೇಶ, ೧೯೬೮' ಎಂದಿತ್ತು. ಅದು ನಾನೇ. ಬಳ್ಳಾರಿಯಲ್ಲಿ ಹಾಲಸಿದ್ದಪ್ಪನವರ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಗೀರಿದ್ದು. ಆದರೆ ಅದನ್ನು ಹೊಡೆದುಹಾಕಿ, ಕೆಳಗೆ 'ಹಾಲಸಿದ್ದಪ್ಪ' ಎಂದು ಬರೆದಿತ್ತು. ನನ್ನದು ಮೂಗಿನ ತುದಿಯ ಸಿಟ್ಟು. ನನ್ನ ಕೆಲಸಕ್ಕೆ ಈ ಮುದುಕ ತನ್ನ ಹೆಸರು ಹಾಕಿಕೊಂಡನಲ್ಲ! ಮುಚ್ಚಳ ತೋರಿಸಿ, ಇದು ಹೇಗಾಯಿತೆಂದು ಕೇಳಿದೆ.

"ಬಳ್ಳಾರಿಯಾಗ ರಿಪೇರಿ ಆದ ವಾರದಾಗ ಇದು ನಿಂತಿತ್ತಂತ್ರಿ," ಎಂದರು ಚನ್ನವೀರಮ್ಮ. "ಒಳಗಿನ ಸ್ಪ್ರಿಂಗ್ ತಿರುಚಿತ್ತಂತ. ಅಪ್ಪ ಅಂಗಡಿಗೆ ಹೋಗಿ ಮಂದಿ ಮುಂದ ಬಾಯಿಗೆ ಬಂದಂಗ ಬೈದರಂತ. ಹಾಲಸಿದ್ದಪ್ಪನವರು, 'ತಪ್ಪು ನಂದ ಐತ್ರಿ' ಅಂದು, ತಾವ ಕುಂತು ಸರಿ ಮಾಡಿಕೊಟ್ಟರಂತ್ರಿ."

ಕೆಡಿಸಿದವನು ನಾನು. ಅವರು ಬೈಸಿಕೊಂಡ ದಿನ ನಾನು ಅಂಗಡಿಯಲ್ಲಿರಲಿಲ್ಲ. ಆಮೇಲೂ ನಾಲ್ಕು ವರ್ಷ ಅವರ ಪಕ್ಕದಲ್ಲೇ ಕೂತು ಕೆಲಸ ಮಾಡಿದ್ದೆ. ಒಂದು ದಿನವೂ ಅವರು ಈ ಮಾತು ಎತ್ತಿರಲಿಲ್ಲ.

ವಾಚು ತೊಳೆದು, ಎಣ್ಣೆ ಬಿಟ್ಟು, ನಡೆಯುವಂತೆ ಮಾಡಿದೆ. ಮುಚ್ಚಳ ಹಾಕುವ ಮೊದಲು ಸೂಜಿ ಎತ್ತಿಕೊಂಡು, ಅವರ ಹೆಸರಿನ ಕೆಳಗೆ, ಪಾದಕ್ಕೆ ತಾಗುವಷ್ಟು ಹತ್ತಿರದಲ್ಲಿ, ನನ್ನ ಹೆಸರು ಬರೆದೆ.