ಬಿಲ್ಲೆಯ ಮೇಲೆ ಕಟ್ಟಿದ ಕಟ್ಟು

ಅವಳು ಗೋದಾಮಿನ ಔಷಧಿ ಪೆಟ್ಟಿಗೆಯ ಗಾಜು ಒರೆಸುತ್ತಿದ್ದಳು. ಪಕ್ಕದಲ್ಲಿ ಅವಳದೇ ಫೋಟೋ, ಅದರಡಿ ‘ಪ್ರಥಮ ಚಿಕಿತ್ಸೆ’ ಎಂಬ ಚೀಟಿ. ತಪಾಸಣೆಯವರಿಗೆ ತೋರಿಸಲೆಂದು ಗೋದಾಮಿನವರು ಎರಡು ದಿನ ತರಬೇತಿ ಕೊಡಿಸಿದ್ದರು. ಅಂದಿನಿಂದ ಈ ಚೀಲ ಹೊಲಿಯುವ ಹುಡುಗಿ ಎಲ್ಲರ ಬಾಯಲ್ಲೂ ಡಾಕ್ಟರಮ್ಮ.

ಧಡಾರನೆ ಚೀಲದ ಅಟ್ಟಿ ಕುಸಿಯಿತು. ಅಡಿ ಸಿಕ್ಕಿದ್ದ ಅವಳ ಚಿಕ್ಕಮ್ಮನನ್ನು ಎಳೆದಾಗ ಮುಂಗೈ ನಡುವೆಯೇ ಬಾಗಿತ್ತು, ಅಲ್ಲೊಂದು ಹೊಸ ಕೀಲು ಹುಟ್ಟಿದಂತೆ.

“ಏ ಡಾಕ್ಟರಮ್ಮ, ಕಟ್ಟಿ ಎಬ್ಬಿಸೇ! ಲಾರಿ ಕಾಯ್ತಿದೆ,” ಮೇಸ್ತ್ರಿ ಕೂಗಿದ.

“ಮುರಿದಿದೆ ಸಾರ್.”

“ನಿನ್ನ ಕಣ್ಣಲ್ಲೇನು ಎಕ್ಸ್‌ರೇ ಇದ್ಯಾ, ಮುಂಡೇದೇ? ಗಾಯದ ಪುಸ್ತಕದಲ್ಲಿ ಉಳುಕು ಅಂತ ಬರಿ.”

ಅವಳು ರಟ್ಟನ್ನು ಮಡಚಿ, ಹಳೇ ಬಟ್ಟೆ ಹಾಸಿ, ಮೊಣಕೈ ದಾಟಿ ಅಂಗೈವರೆಗೆ ಆಸರೆ ಇಟ್ಟಳು. ಕಟ್ಟುವ ಮೊದಲು ಕೈಮೇಲಿರುವುದನ್ನೆಲ್ಲ ತೆಗೆಯಬೇಕು, ಕೈ ಊದುತ್ತದೆ. ಚಿಕ್ಕಮ್ಮನ ಮಣಿಕಟ್ಟಿನಲ್ಲಿ ಹಾಜರಿ ಬಿಲ್ಲೆಯಿತ್ತು. ಬೆಳಗ್ಗೆ ಎಲ್ಲರ ಕೈಗೂ ಮೇಸ್ತ್ರಿಯೇ ಪ್ಲಾಸ್ಟಿಕ್ ಪಟ್ಟಿ ಬಿಗಿದು ತೊಡಿಸುತ್ತಾನೆ, ಸಂಜೆ ಅವನೇ ಕತ್ತರಿಸುತ್ತಾನೆ. ನಡುವೆ ಬೇರೆ ಯಾರಾದರೂ ಕತ್ತರಿಸಿದರೆ ನಾಳೆ ಗೇಟು ತೆರೆಯುವುದಿಲ್ಲ.

“ಬಿಲ್ಲೆ ಮುಟ್ಟಬೇಡ ಮಗಾ,” ಚಿಕ್ಕಮ್ಮ ಹಲ್ಲು ಕಚ್ಚಿದಳು. “ನಿನ್ನ ಸೇರಿಸೋಕೆ ಇವನ ಕಾಲು ಹಿಡಿದಿದ್ದೀನಿ. ಇಬ್ಬರ ಕೆಲಸಾನೂ ಹೋಗತ್ತೆ.”

ಕತ್ತರಿ ಅವಳ ಕೈಯಲ್ಲೇ ಇತ್ತು. ಮೇಸ್ತ್ರಿ ನೋಡುತ್ತಿದ್ದ. ಬಿಲ್ಲೆಯ ಮೇಲೆಯೇ ಬಟ್ಟೆ ಸುತ್ತಿ ಗಂಟು ಹಾಕಿದಳು. ಪುಸ್ತಕದಲ್ಲಿ ‘ಉಳುಕು’ ಎಂದು ಬರೆದಳು, ಗುಂಡಗಿನ ಅಕ್ಷರದಲ್ಲಿ.

“ಇನ್ನೊಂದು ಕೈ ನೆಟ್ಟಗಿದೆಯಲ್ಲ, ಗುಡಿಸು,” ಎಂದು ಮೇಸ್ತ್ರಿ ಪೊರಕೆ ಎಸೆದ. ಲಾರಿಯವನು ಕಿಸಕ್ಕೆಂದ.

ಊಟದ ಹೊತ್ತಿಗೆ ಚಿಕ್ಕಮ್ಮ ಚೀಲಗಳ ಹಿಂದೆ ಗೋಡೆಗೊರಗಿದ್ದಳು. ಬೆರಳುಗಳು ಊದಿ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು. ಹುಡುಗಿ ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟಳು. ಬಿಳಿಚಿದ ಉಗುರು ರಕ್ತ ಮರಳದೆ ಬಿಳಿಚಿಕೊಂಡೇ ಇತ್ತು.

“ನಾನು ಯಾವ ಬೆರಳು ಮುಟ್ಟಿದೆ, ಹೇಳು ಚಿಕ್ಕಮ್ಮ.”

“ಮುಟ್ಟಿದ್ಯಾ?”

ಹುಡುಗಿ ಗಂಟು ಬಿಚ್ಚಿದಳು. ಬಿಲ್ಲೆಯ ಪಟ್ಟಿ ಮಾಂಸದೊಳಗೆ ಹೂತುಹೋಗಿತ್ತು. ಕತ್ತರಿಯ ತುದಿ ತೂರಿಸಿ ಕತ್ತರಿಸಿದಳು. ಚಿಕ್ಕಮ್ಮ ಬೈಯಲೂ ಇಲ್ಲ, ನರಳಲೂ ಇಲ್ಲ. ರಟ್ಟನ್ನು ಅಲುಗಿಸದೆ ಸಡಿಲವಾಗಿ ಮತ್ತೆ ಕಟ್ಟಿ, ಉಗುರು ಒತ್ತಿದಳು. ಕಾದಳು. ಮತ್ತೆ ಒತ್ತಿದಳು. ಕೆಂಪು ಬರಲಿಲ್ಲ.

ಆಮೇಲೆ ತನ್ನ ಕೈಯ ಬಿಲ್ಲೆಯನ್ನೂ ಕತ್ತರಿಸಿದಳು.

ಎರಡೂ ಬಿಲ್ಲೆಗಳನ್ನು ಮೇಸ್ತ್ರಿಯ ಮೇಜಿನ ಮೇಲಿಟ್ಟು, ಪುಸ್ತಕ ಎಳೆದುಕೊಂಡಳು. ‘ಉಳುಕು’ ಹೊಡೆದುಹಾಕಿ ಬರೆದಳು: ‘ಮೂಳೆ ಮುರಿದಿದೆ. ಬಿಲ್ಲೆ ತೆಗೆಯದೆ ಕಟ್ಟಿದವಳು ನಾನು. ಉಳುಕು ಅಂತ ಬರೆಸಿದವನು ಮೇಸ್ತ್ರಿ.’

“ಆಸ್ಪತ್ರೆಗೆ ಗಾಡಿ ಕೊಡಿ ಸಾರ್.”

ಅನ್ನ ಕಲಸುತ್ತಿದ್ದ ಮೇಸ್ತ್ರಿಯ ಕೈ ನಿಂತಿತು. ಲಾರಿಯವನು ಹೊರಗೆ ನೋಡಿದ. ಹೊಲಿಯುವ ಹೆಂಗಸರು ತಲೆ ತಗ್ಗಿಸಿದರು.

“ಗಾಡಿ ಕೊಡು,” ಎಂದಳು.