ಹಿಂದಿನ ಬೆಂಚಿನವರ ಪ್ರಶ್ನೆಗಳು

ಗಂಟಲಿನ ಆಪರೇಷನ್ ಆದ ಮೇಲೆ ಮೇಷ್ಟ್ರ ಹೆಂಡತಿಗೆ ಮಾತು ಹೋಯಿತು. ನೆಂಟರಲ್ಲೆಲ್ಲ ವಾಚಾಳಿ ಎಂದೇ ಹೆಸರಾಗಿದ್ದವಳು ಈಗ ಏನು ಬೇಕಾದರೂ ಸ್ಲೇಟಿನಲ್ಲಿ ಬರೆದು ತೋರಿಸಬೇಕಿತ್ತು. ಮೇಷ್ಟ್ರು ಮೊದಲ ಸಾಲು ಓದುವಷ್ಟರಲ್ಲೇ "ಆಯ್ತು, ಆಯ್ತು" ಎಂದು ಎದ್ದುಬಿಡುತ್ತಿದ್ದರು. ಕೆಟ್ಟ ಮನುಷ್ಯರಲ್ಲ, ಕಾಯುವುದು ಅವರ ಜಾಯಮಾನವಲ್ಲ, ಅಷ್ಟೆ. ಬರಬರುತ್ತಾ ಅವಳು 'ಔಷಧಿ', 'ನೀರು' ಎಂದಷ್ಟೇ ಬರೆಯತೊಡಗಿದಳು.

ಸಂಜೆ ಹೊತ್ತು ಮೇಷ್ಟ್ರು ಮುಂದಿನ ಕೋಣೆಯಲ್ಲಿ ಕುಳಿತು ಆನ್‌ಲೈನ್‌ನಲ್ಲಿ ಭೂಗೋಳ ಕಲಿಸುತ್ತಿದ್ದರು. ವಿದ್ಯಾರ್ಥಿಗಳೆಲ್ಲ ಅರ್ಧಕ್ಕೆ ಓದು ಬಿಟ್ಟ ದೊಡ್ಡವರು. ಲಾರಿ ಓಡಿಸುವವರು, ಬಟ್ಟೆ ಹೊಲಿಯುವವರು, ಆಸ್ಪತ್ರೆಯ ಆಯಾಗಳು. ಯಾರೂ ಕ್ಯಾಮೆರಾ ಹಾಕುತ್ತಿರಲಿಲ್ಲ, ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಪರದೆಯ ತುಂಬ ಕಪ್ಪು ಚೌಕಗಳು. ಒಂದು ದಿನ ಮೇಷ್ಟ್ರ ತಾಳ್ಮೆ ಕೆಟ್ಟಿತು.

"ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನನ್ನ ಪಾಡು!"

ಒಳಕೋಣೆಯಲ್ಲಿ ಮಲಗಿದ್ದ ಹೆಂಡತಿಗೆ ಅದು ಕೇಳಿಸಿತು. ಮಗಳನ್ನು ಕರೆದು ಬರೆದಳು: 'ನನ್ನನ್ನೂ ಆ ಕ್ಲಾಸಿಗೆ ಸೇರಿಸು. ಅಪ್ಪನಿಗೆ ಹೇಳಬೇಡ.'

"ಹೆಸರು ಏನಂತ ಹಾಕ್ಲಿ ಅಮ್ಮ?"

'ಹಿಂದಿನ ಬೆಂಚು.'

ಮರುದಿನ ಪಾಠದ ನಡುವೆ ಪರದೆಯ ಮೂಲೆಯಲ್ಲಿ ಸಾಲೊಂದು ಮೂಡಿತು: 'ಸರ್, ಕೋಣಕ್ಕೂ ಕಿವಿ ಇರುತ್ತೆ. ಇಷ್ಟೊಂದು ಸಿಹಿನೀರಿನ ನದಿಗಳು ಬಂದು ಸೇರಿದರೂ ಸಮುದ್ರ ಯಾಕೆ ಉಪ್ಪು?'

ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ಆಮೇಲೆ, ಆ ಉಪ್ಪನ್ನು ಕಲ್ಲುಮಣ್ಣಿನಿಂದ ತೊಳೆದು ತರುವುದೇ ನದಿಗಳು ಎಂದು ಬಿಡಿಸಿ ಹೇಳಿದರು. "ಇನ್ನೂ ಏನಾದ್ರೂ ಕೇಳೋದಿದ್ಯಾ? ನಿಧಾನವಾಗಿ ಟೈಪ್ ಮಾಡಿ, ನಾನು ಕಾಯ್ತೀನಿ."

ಗೋಡೆಯಾಚೆ ಅಮ್ಮ ಫೋನನ್ನು ಎದೆಗೊತ್ತಿಕೊಂಡು ಕಣ್ಣೊರೆಸಿಕೊಂಡದ್ದನ್ನು ಮಗಳು ನೋಡಿದಳು.

ಅಂದಿನಿಂದ ಊಟಕ್ಕೆ ಕೂತಾಗ ಮೇಷ್ಟ್ರಿಗೆ ಅದೇ ಮಾತು. "ಒಬ್ಬ ಇದಾನೆ ಕಣೇ, ಲಾರಿ ಡ್ರೈವರ್ ಇರ್ಬೇಕು. ಮರುಭೂಮೀಲಿ ರಾತ್ರಿ ಯಾಕೆ ಅಷ್ಟು ಚಳಿ ಅಂತ ಕೇಳ್ದ ನೋಡು ಇವತ್ತು!" ಅವಳು ಹೊಸದೇನನ್ನೋ ಕೇಳುವವಳಂತೆ ಕಣ್ಣರಳಿಸಿ ಕೇಳುತ್ತಿದ್ದಳು. ತಟ್ಟೆಯಲ್ಲಿ ಕೈ ಒಣಗುವವರೆಗೂ ಮೇಷ್ಟ್ರು ಏಳುತ್ತಿರಲಿಲ್ಲ.

ಕಾಯಿಲೆ ಮರುಕಳಿಸಿತು. ಅವಳನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಮೇಷ್ಟ್ರು ವಾರ್ಡಿನ ಹೊರಗೆ, ಪಡಸಾಲೆಯಲ್ಲೇ ಲ್ಯಾಪ್‌ಟಾಪ್ ತೆರೆದು ಪಾಠ ಮಾಡುತ್ತಿದ್ದರು. "ಹಿಂದಿನ ಬೆಂಚು, ಇದೀರಾ?" ಎಂದು ದಿನಾ ಕೂಗುತ್ತಿದ್ದರು. ಉತ್ತರವಿರುತ್ತಿರಲಿಲ್ಲ.

"ಇದ್ದ ಒಬ್ಬನೂ ಕೈಕೊಟ್ಟ ನೋಡಮ್ಮ," ಎಂದು ಒಂದು ಸಂಜೆ ಮಗಳ ಹತ್ತಿರ ಗೊಣಗಿದರು.

ಅವಳಿಗೆ ತಡೆಯಲಾಗಲಿಲ್ಲ. "ಅವರು ಎಲ್ಲೂ ಹೋಗಿಲ್ಲಪ್ಪ. ಒಳಗೆ ಮಲಗಿದಾರೆ."

ಮೇಷ್ಟ್ರು ಅವಳ ಮುಖವನ್ನೇ ನೋಡಿದರು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಒಳಗೆ ಹೋಗಿ, ಸ್ಟೂಲು ಎಳೆದುಕೊಂಡು ಹೆಂಡತಿಯ ತಲೆದೆಸೆಯಲ್ಲಿ ಕುಳಿತರು. ಡ್ರಿಪ್ ಹಾಕಿ ಹಾಕಿ ಅವಳ ಕೈ ಬಾತುಕೊಂಡಿತ್ತು.

"ಪಾಠ ತಪ್ಪಿಸ್ಕೊಂಡ್ಯಲ್ಲೇ," ಎಂದರು. ಗಾಳಿ ಯಾಕೆ ಬೀಸುತ್ತದೆ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಅವಳು ಕಣ್ಣುಮುಚ್ಚಿ ಕೇಳಿದಳು. "ಕೇಳೇ, ಏನಾದ್ರೂ ಕೇಳು. ನಂಗೇನೂ ಅವಸರ ಇಲ್ಲ."

ಮಗಳು ಸ್ಲೇಟು ಹಿಡಿದಳು. ಅಮ್ಮ 'ಯಾ' ಎಂದು ಬರೆದಳು, ಬಳಪ ಜಾರಿತು. ಯಾಕೆ ಎಂದೋ, ಯಾವಾಗ ಎಂದೋ, ಮೇಷ್ಟ್ರಿಗೆ ತಿಳಿಯಲೇ ಇಲ್ಲ. ಮರುದಿನ ಬೆಳಗ್ಗೆ ಅವಳು ತೀರಿಕೊಂಡಳು.

ಮತ್ತೆ ಕ್ಲಾಸು ಶುರುವಾದ ದಿನ ಅವರು ಏನನ್ನೂ ಮುಚ್ಚಿಡದೆ ಎಲ್ಲ ಹೇಳಿದರು. ಆಮೇಲೆ ಒಬ್ಬ ಆಯಾಳ ದನಿ ಮೊದಲ ಸಲ ಕೇಳಿಸಿತು.

"ಸರ್, ನಮಗೆ ಕೇಳೋಕೆ ನಾಚಿಕೆ ಆಗ್ತಿತ್ತಲ್ಲ, ಅದನ್ನೆಲ್ಲ ಅವರೇ ಕೇಳ್ತಿದ್ರು. ಅದಕ್ಕೇ ನಾನು ಕ್ಲಾಸ್ ಬಿಡ್ಲಿಲ್ಲ."

ಮೇಷ್ಟ್ರು ತಲೆಯಾಡಿಸಿದರು. ಪುಸ್ತಕ ತೆರೆದು ಒಂದು ಪುಟ ಪಾಠ ಮಾಡಿದರು. ನಂತರ ಕನ್ನಡಕ ತೆಗೆದಿಟ್ಟು, "ಇವತ್ತಿಗೆ ಇಷ್ಟೇ ಸಾಕಪ್ಪ," ಎಂದರು.